ಕುಂತು ದುಡಿಯುವವರ ಸೊಂಟ: ಡಿಸ್ಕ್ ಕಾಪಾಡಿಕೊಳ್ಳಲು ಗಾದಿಯಿಂದ ಬೈಕ್ ಸೀಟಿನವರೆಗೆ ಸಮಗ್ರ ಮಾರ್ಗದರ್ಶಿ

ಮಂಡಿಪೇಟೆಯ ಅಂಗಡಿಗಳಲ್ಲಿ ಗಾದಿ ಮೇಲೆ ಕೂತು ವ್ಯಾಪಾರ ಮಾಡುವವರು, ಚನ್ನಗಿರಿ ಕಡೆ ಸೀಸನ್ನಿನಲ್ಲಿ ಅಡಿಕೆ ಸುಲಿಯುವ ಹೆಂಗಸರು, ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರು, ಪಿ.ಬಿ. ರಸ್ತೆಯ ಬ್ಯಾಂಕುಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರು, ಹೆದ್ದಾರಿಯ ಲಾರಿ ಡ್ರೈವರ್‌ಗಳು. ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನಂಥವರ ಹತ್ತಿರ ಸೊಂಟ ಹಿಡಿದುಕೊಂಡು ಬರುವವರಲ್ಲಿ ಇವರೇ ಹೆಚ್ಚು. ಕಸುಬು ಬೇರೆ ಬೇರೆಯಾದರೂ ಹೇಳುವ ಮಾತು ಒಂದೇ: "ಕುಂತ್ರೆ ನೋವು ನೋಡ್ರಿ, ಎದ್ದು ನಾಕು ಹೆಜ್ಜಿ ಅಡ್ಡಾಡಿದ್ರೆ ಏನೂ ಇಲ್ಲ."

ಇದಕ್ಕೆ ಮನೆಯವರು, ನೆಂಟರು, ಪಕ್ಕದ ಅಂಗಡಿಯವರು ಎಲ್ಲರೂ ಕೊಡುವ ಸಲಹೆ "ಬೆನ್ನು ನೆಟ್ಟಗಿಟ್ಕೊಂಡು ಕೂತ್ಕೊಳ್ರಿ" ಎಂಬುದು. ಹೇಳಿದವರೇ ಅರ್ಧ ಗಂಟೆ ಹಾಗೆ ಕೂತು ತೋರಿಸಲಿ! ನೆಟ್ಟಗೆ ಬಿಗಿಹಿಡಿದು ಮೂರು ತಾಸು ಕೂತ ಬೆನ್ನೂ ನೋಯುತ್ತದೆ, ಬಾಗಿ ಕೂತದ್ದೂ ನೋಯುತ್ತದೆ. ನಾನು ಕೇಳುವ ಪ್ರಶ್ನೆಗಳು ಬೇರೆ: ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರುತ್ತೀರಿ? ಕೂತಾಗ ಸೊಂಟ ಎಷ್ಟು ಗುಂಡಗಾಗುತ್ತದೆ? ಎದ್ದ ಕೂಡಲೇ ಏನು ಮಾಡುತ್ತೀರಿ? ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ.

ಒಳಗೆ ಏನಾಗುತ್ತದೆ

ಸೊಂಟದ ಭಾಗದಲ್ಲಿ ಐದು ಮೂಳೆಮಣಿಗಳಿವೆ. ಮಣಿ ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಹೊರಗೆ ಸುತ್ತುಸುತ್ತಾಗಿ ಹೆಣೆದ ಗಟ್ಟಿ ನಾರಿನ ಪದರಗಳು, ಒಳಗೆ ನೀರಿನಂಶ ತುಂಬಿದ ಲೋಳೆಯಂಥ ತಿರುಳು. ಮೇಲಿನ ಕೆಳಗಿನ ಮೂಳೆಗೆ ಇದು ಭದ್ರವಾಗಿ ಅಂಟಿಕೊಂಡಿರುತ್ತದೆ, ಹಾಗಾಗಿ ಇಡೀ ಡಿಸ್ಕ್ ಜಾಗ ಬಿಟ್ಟು ಕದಲುವುದಿಲ್ಲ. ಮುಂದಕ್ಕೆ ಬಾಗಿದಾಗ ತಿರುಳು ಹಿಂದಕ್ಕೆ ಒತ್ತುತ್ತದೆ. ವರ್ಷಗಟ್ಟಲೆ ಹೀಗೆ ಒತ್ತಿಸಿಕೊಂಡ ನಾರು ಹಿಂಭಾಗದಲ್ಲಿ ಸಡಿಲವಾಗಿ ಉಬ್ಬಬಹುದು, ಕೆಲವೊಮ್ಮೆ ಹರಿದು ತಿರುಳು ಹೊರಬಂದು ಕಾಲಿಗೆ ಹೋಗುವ ನರಕ್ಕೆ ತಾಗಬಹುದು. ಇದು ಹೆಚ್ಚಾಗಿ ಆಗುವುದು ಕೆಳಗಿನ ಎರಡು ಡಿಸ್ಕ್‌ಗಳಲ್ಲಿ. ಎಂ.ಆರ್.ಐ. ವರದಿಯಲ್ಲಿ ಎಲ್4-ಎಲ್5, ಎಲ್5-ಎಸ್1 ಎಂದು ಕಾಣುವುದು ಇವೇ.

ಇನ್ನೊಂದು ಸಂಗತಿ. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ನೇರ ರಕ್ತನಾಳವಿಲ್ಲ. ಪಕ್ಕದ ಮೂಳೆಯಿಂದ ಪೋಷಕಾಂಶ ಸೋಸಿಕೊಂಡು ಒಳಗೆ ಹೋಗಬೇಕು. ಭಾರ ಬಿದ್ದಾಗ ನೀರು ಹೊರಹೋಗಿ, ಭಾರ ಇಳಿದಾಗ ಒಳಗೆ ಬರುವ ಈ ಏರಿಳಿತವೂ ಅದಕ್ಕೆ ಬೇಕು. ಅಲುಗಾಡದೆ ಕೂತರೆ ಇದೇ ತಪ್ಪಿಹೋಗುತ್ತದೆ.

ಯಾವ ಭಂಗಿಯಲ್ಲಿ ಎಷ್ಟು ಒತ್ತಡ ಎಂದು ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೆ ಸೂಜಿ ಇಳಿಸಿಯೇ ಅಳೆದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಎಲ್4-ಎಲ್5 ಡಿಸ್ಕಿನಲ್ಲಿ ಮತ್ತೆ ಅಳತೆ ಮಾಡಿದರು. ನಿಂತಾಗ 0.5 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ). ಆಸರೆಯಿಲ್ಲದೆ ಹಾಯಾಗಿ ಕೂತರೆ 0.46, ಬೆನ್ನನ್ನು ಬಿಗಿದು ನೆಟ್ಟಗೆ ಮಾಡಿದರೆ 0.55, ಪೂರ್ತಿ ಮುಂದಕ್ಕೆ ಬಾಗಿ ಕೂತರೆ 0.83. ಕುರ್ಚಿಗೆ ಬೆನ್ನು ಒರಗಿಸಿ ಹಿಂದಕ್ಕೆ ಚಾಚಿ ಕೂತಾಗ ಮಾತ್ರ 0.27. ಅಳೆದದ್ದು ಒಬ್ಬರ ಮೈಯಲ್ಲಿ ಎಂಬುದನ್ನು ಮರೆಯಬಾರದು. ಆದರೂ ಹಿಂದಕ್ಕೆ ಒರಗಿ ಕೂರುವುದು ಸೋಮಾರಿತನ ಎಂದು ಬೈಸಿಕೊಂಡು ಬೆಳೆದ ನಮಗೆ ಈ ಕೊನೆಯ ಅಂಕಿ ಸ್ವಲ್ಪ ಸಮಾಧಾನ ಕೊಡಬೇಕು.

ಮೊದಲ ಕೆಲಸ: ನಿಮ್ಮ ಸೊಂಟದ ನಡುಜಾಗ ಹುಡುಕಿ

ಗಟ್ಟಿ ಸ್ಟೂಲಿನ ಮೇಲೆ ಕೂತು, ಪಾದ ಎರಡೂ ನೆಲಕ್ಕೆ ಊರಿ. ಎರಡು ಅಂಗೈಗಳನ್ನು ಕುಂಡಿಯ ಅಡಿಗೆ ಇಟ್ಟರೆ ಎರಡು ಗಟ್ಟಿ ಮೂಳೆ ಕೈಗೆ ಸಿಗುತ್ತವೆ. ಕೂತಾಗ ಮೈಭಾರ ಬೀಳಬೇಕಾದದ್ದು ಇವುಗಳ ಮೇಲೆ. ಈಗ ಸೊಂಟವನ್ನು ಪೂರ್ತಿ ಕುಸಿಯಲು ಬಿಡಿ. ಮೂಳೆಗಳು ಮುಂದಕ್ಕೆ ಹೊರಳಿ ಭಾರ ಬಾಲಮೂಳೆಯ ಕಡೆ ಹೋಗುವುದು ಕೈಗೆ ತಿಳಿಯುತ್ತದೆ. ಆಮೇಲೆ ಹೊಟ್ಟೆ ಮುಂದೆ ಬರುವ ಹಾಗೆ ಸೊಂಟವನ್ನು ಆದಷ್ಟೂ ಒಳಕ್ಕೆ ಬಗ್ಗಿಸಿ. ಈ ಎರಡು ತುದಿಗಳ ನಡುವೆ ಐದಾರು ಸಲ ನಿಧಾನ ಓಡಾಡಿ, ಕೊನೆಗೆ ಒಳಬಗ್ಗಿದ ತುದಿಯಿಂದ ಒಂದಿಷ್ಟು ಸಡಿಲ ಬಿಟ್ಟು ನಿಲ್ಲಿ. ಎದೆ ಉಬ್ಬಿಸಬೇಡಿ, ಭುಜ ಹಿಂದಕ್ಕೆ ಎಳೆಯಬೇಡಿ. ಸೊಂಟ ಸರಿಯಾದ ಜಾಗಕ್ಕೆ ಬಂದರೆ ಅವು ತಾವಾಗಿ ಸರಿಹೋಗುತ್ತವೆ.

ದಿನವಿಡೀ ಇದೇ ಜಾಗದಲ್ಲಿರಿ ಎಂದು ನಾನು ಹೇಳುವುದಿಲ್ಲ. ಆಗಾಗ ವಾಪಸು ಬರಲು ದಾರಿ ಗೊತ್ತಿದ್ದರೆ ಸಾಕು.

ಕುರ್ಚಿ

ದುಬಾರಿ ಕುರ್ಚಿ ಬೇಕಿಲ್ಲ. ಕುಂಡಿಯನ್ನು ಕುರ್ಚಿಯ ಹಿಂಬದಿಗೆ ತಾಗುವವರೆಗೂ ಒಳಗೆ ತಳ್ಳಿ ಕೂರಿ. ಟವೆಲ್ಲೊಂದನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಬೆಲ್ಟ್ ಕಟ್ಟುವ ಜಾಗಕ್ಕಿಂತ ತುಸು ಮೇಲೆ ಸೊಂಟಕ್ಕೂ ಕುರ್ಚಿಗೂ ನಡುವೆ ಇಡಿ. ನಮ್ಮ ಪ್ಲಾಸ್ಟಿಕ್ ಕುರ್ಚಿಗಳ ಬೆನ್ನು ನಡುವಿನಲ್ಲಿ ಒಳಕ್ಕೆ ತಗ್ಗಾಗಿರುತ್ತದೆ, ಸೊಂಟ ಆ ತಗ್ಗಿಗೇ ಕುಸಿಯುತ್ತದೆ. ಟವೆಲ್ ಅದನ್ನು ತುಂಬುತ್ತದೆ.

ಪಾದ ಪೂರ್ತಿ ನೆಲಕ್ಕೆ ಊರಬೇಕು. ಕುಳ್ಳಗಿರುವವರು ಪಾದದಡಿ ಒಂದು ಮಣೆಯನ್ನೋ ಇಟ್ಟಿಗೆಯನ್ನೋ ಇಟ್ಟುಕೊಳ್ಳಿ. ಓದುವಾಗ, ಫೋನಿನಲ್ಲಿ ಮಾತಾಡುವಾಗ ಹಿಂದಕ್ಕೆ ಒರಗಿ. ಲ್ಯಾಪ್‌ಟಾಪ್ ಆದರೆ ಪುಸ್ತಕಗಳ ಮೇಲೆ ಎತ್ತರಿಸಿ ಬೇರೆ ಕೀಬೋರ್ಡ್ ಹಾಕಿ. ಪರದೆ ಕೆಳಗಿದ್ದರೆ ಕತ್ತಿನ ಹಿಂದೆಯೇ ಸೊಂಟವೂ ಬಾಗುತ್ತದೆ. ಹಿಂಜೇಬಿನ ದಪ್ಪ ಪರ್ಸ್ ತೆಗೆದು ಟೇಬಲ್ ಮೇಲಿಡಿ. ಕುಂಡಿಯ ನರಕ್ಕೆ ಅದು ನೇರವಾಗಿ ಒತ್ತುತ್ತದೆ, ಸೊಂಟವನ್ನೂ ವಾರೆ ಮಾಡುತ್ತದೆ.

ನೆಲ, ಗಾದಿ, ಮಗ್ಗ

ನೆಲದ ಮೇಲೆ ಕೂರುವುದೇ ತಪ್ಪು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೊಡೆಸಂದು ಸಡಿಲವಾಗಿರುವವರು ಚಕ್ಕಳಮಕ್ಕಳ ಹಾಕಿದರೂ ಸೊಂಟ ನೆಟ್ಟಗೇ ಇರುತ್ತದೆ. ತೊಡೆಸಂದು ಬಿಗಿಯಾದವರಿಗೆ ಮಂಡಿ ಮೇಲೆದ್ದು ಸೊಂಟ ಹಿಂದಕ್ಕೆ ಬೀಳುತ್ತದೆ. ಪರೀಕ್ಷೆ ಸುಲಭ: ಚಕ್ಕಳಮಕ್ಕಳ ಹಾಕಿ ಕೂತಾಗ ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ನಿಮಗೆ ಎತ್ತರ ಬೇಕು.

ಎತ್ತರಕ್ಕೆ ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒರಟು, ಬಿಗಿ ನೇಯ್ಗೆ. ಮಡಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಸ್ಪಂಜಿನ ದಿಂಬು ಹತ್ತು ನಿಮಿಷಕ್ಕೆ ಕುಸಿಯುತ್ತದೆ, ಇದು ಕುಸಿಯುವುದಿಲ್ಲ. ಮೂರು-ನಾಲ್ಕು ಇಂಚು ದಪ್ಪಕ್ಕೆ ಮಡಿಸಿ, ಅಂಚಿನ ಮೇಲೆ ಕುಂಡಿಯಷ್ಟೇ ಇಟ್ಟು, ಕಾಲುಗಳನ್ನು ಮುಂದೆ ತಗ್ಗಿನಲ್ಲಿ ಬಿಡಿ. ಸೊಂಟ ಮುಂದಕ್ಕೆ ವಾಲಿ ಬೆನ್ನು ತಾನಾಗಿ ಏಳುತ್ತದೆ. ಗಾದಿಯವರು ಹಿಂದೆ ಗೋಡೆಗೆ ಒಂದು ಗಟ್ಟಿ ಲೋಡು ಇಟ್ಟು, ಗಿರಾಕಿ ಇಲ್ಲದಾಗ ಒರಗಲಿ. ಲೆಕ್ಕದ ಪುಸ್ತಕವನ್ನು ತೊಡೆ ಮೇಲೆ ಬರೆಯುವ ಬದಲು ಇಳಿಜಾರು ಡೆಸ್ಕಿನ ಮೇಲೆ ಬರೆಯಲಿ. ಹಳೆಯ ಮುನೀಮರ ಡೆಸ್ಕು ಸುಮ್ಮನೆ ಇಳಿಜಾರಾಗಿರಲಿಲ್ಲ!

ಗುಂಡಿ ಮಗ್ಗದಲ್ಲಿ ಕಾಲು ಕೆಳಗಿರುವುದರಿಂದ ಅದು ಒಂದು ಬಗೆಯಲ್ಲಿ ಕುರ್ಚಿಯೇ. ತೊಂದರೆ ಇರುವುದು ಬಟ್ಟೆಯ ಕಡೆ ಸದಾ ಬಾಗುವುದರಲ್ಲಿ. ಕೂರುವ ಹಲಗೆಯ ಹಿಂಬದಿಗೆ ಒಂದಿಂಚು ಪಟ್ಟಿ ಹೊಡೆದು ಮುಂದಕ್ಕೆ ಇಳಿಜಾರು ಮಾಡಿ, ಕೆಲಸದ ಜಾಗಕ್ಕೆ ಒಳ್ಳೆ ಬೆಳಕು ಹಾಕಿಸಿ. ಎಳೆ ಕಾಣದೆ ಬಗ್ಗುವವರೇ ಹೆಚ್ಚು.

ಅಡಿಕೆ ಸುಲಿಯುವವರ ಕಷ್ಟ ಬೇರೆ. ಸುಲಿದಷ್ಟಕ್ಕೆ ಕೂಲಿ. ಅಂಥವರಿಗೆ "ಅರ್ಧ ತಾಸಿಗೊಮ್ಮೆ ವಿಶ್ರಾಂತಿ ತಗೊಳ್ಳಿ" ಎಂದು ಉಪದೇಶ ಮಾಡುವುದು ಅವರ ದುಡ್ಡು ಕಿತ್ತುಕೊಂಡಂತೆ. ಅವರಿಗೆ ನಾನು ಹೇಳುವುದು ಇಷ್ಟು: ದೊಡ್ಡ ಬುಟ್ಟಿಯ ಬದಲು ಸಣ್ಣದು ಇಟ್ಟುಕೊಳ್ಳಿ, ತುಂಬಿದಾಗ ನೀವೇ ಎದ್ದುಹೋಗಿ ಸುರಿದು ಬನ್ನಿ. ಹಸಿ ಅಡಿಕೆಯ ರಾಶಿ ಒಂದೇ ಪಕ್ಕ ಇದ್ದರೆ ಇಡೀ ದಿನ ಅದೇ ಪಕ್ಕಕ್ಕೆ ತಿರುಚಬೇಕಾಗುತ್ತದೆ, ಮುಂದಕ್ಕೆ ಎಳೆದುಕೊಳ್ಳಿ.

ಏಳುವುದು, ಎದ್ದ ಮೇಲಿನ ಎರಡು ನಿಮಿಷ

ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೊಮ್ಮೆ ಎದ್ದರೆ ಒಳ್ಳೆಯದು. ಮೊಬೈಲ್ ಅಲಾರಂ ಎರಡು ದಿನ ಕೇಳಿ ಮೂರನೆಯ ದಿನ ಆರಿಸುತ್ತೀರಿ, ಅದಕ್ಕೆ ಕೆಲಸಕ್ಕೇ ಗಂಟು ಹಾಕಿ. ಫೋನ್ ಬಂದರೆ ನಿಂತು ಮಾತಾಡುವುದು, ದೊಡ್ಡ ಬಾಟಲಿ ಬದಲು ಸಣ್ಣ ಲೋಟದಲ್ಲಿ ನೀರು, ಪ್ರಿಂಟರ್ ದೂರದಲ್ಲಿ. ಎದ್ದಾಗ ಎರಡೂ ಕೈ ಸೊಂಟಕ್ಕಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ.

ಬಹಳ ಹೊತ್ತು ಬಾಗಿ ಕೂತಾಗ ಬೆನ್ನಿನ ಹಿಂಭಾಗದಲ್ಲಿ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು (ಲಿಗಮೆಂಟ್) ನಿಧಾನಕ್ಕೆ ಹಿಗ್ಗುತ್ತವೆ. ಎದ್ದ ತಕ್ಷಣ ಅವು ಮೊದಲಿನ ಬಿಗಿಗೆ ಬರುವುದಿಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ಐದಾರು ತಾಸು ಕೂತು ಬಂದು, ಸ್ಟ್ಯಾಂಡಿನಲ್ಲಿ ಇಳಿದವರೇ ಡಿಕ್ಕಿಗೆ ಬಗ್ಗಿ ಸೂಟ್‌ಕೇಸ್ ಜಗ್ಗಿದಾಗ ಸೊಂಟ "ಚಳಕ್" ಎನ್ನುವುದು ಇದಕ್ಕೇ. ಸೂಟ್‌ಕೇಸಿನ ಭಾರವನ್ನು ಬೈಯುತ್ತಾರೆ. ಕೆಲಸ ಕೆಟ್ಟದ್ದು ಹಿಂದಿನ ಐದು ತಾಸಿನಲ್ಲಿ. ಇಳಿದ ಮೇಲೆ ಕೆಲವು ನಿಮಿಷ ಅಡ್ಡಾಡಿ, ಹಿಂದಕ್ಕೆ ಬಾಗಿ, ಆಮೇಲೆ ಸಾಮಾನಿಗೆ ಕೈ ಹಾಕಿ.

ರಸ್ತೆಯ ಮೇಲೆ

ವಾಹನದಲ್ಲಿ ಕೂರುವುದರ ಜತೆಗೆ ಕಂಪನವೂ ಸೇರುತ್ತದೆ. ಕಾರಿನಲ್ಲಿ ಸೀಟನ್ನು ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ತುಸು ಬಗ್ಗಿರುವಷ್ಟು ಮುಂದೆ ಎಳೆಯಿರಿ, ಬೆನ್ನನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ, ಟವೆಲ್ ಸುರುಳಿ ಇಲ್ಲೂ ಇರಲಿ. ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗ, ಹಿರಿಯೂರು, ಶಿರಾ ಎಂದು ಇಳಿಯುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಬೈಕಿನಲ್ಲಿ ಹಂಪ್ ಬಂದಾಗ ಪಾದದ ಮೇಲೆ ಭಾರ ಹಾಕಿ ಕುಂಡಿಯನ್ನು ಒಂದಿಂಚು ಎತ್ತಿದರೆ ಪೆಟ್ಟು ಮಂಡಿಗೆ ಹೋಗುತ್ತದೆ, ಸೊಂಟ ಉಳಿಯುತ್ತದೆ. ಟೈರಿನ ಗಾಳಿ, ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿಸಿ.

ಬೆಳಗಿನ ಮೊದಲ ಗಂಟೆ

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ನಾವು ರಾತ್ರಿಗಿಂತ ಸುಮಾರು ಶೇಕಡಾ 1ರಷ್ಟು ಎತ್ತರ ಇರುತ್ತೇವೆ, ಅದರಲ್ಲಿ ಅರ್ಧದಷ್ಟು ಮೊದಲ ಗಂಟೆಯಲ್ಲೇ ಇಳಿಯುತ್ತದೆ. ಊದಿದ ಡಿಸ್ಕ್ ಬಾಗುವಿಕೆಯನ್ನು ಸಹಿಸುವುದು ಕಡಿಮೆ.

ನಮ್ಮ ಮನೆಗಳ ಹೆಂಗಸರು ಆ ಗಂಟೆಯಲ್ಲಿ ಏನು ಮಾಡುತ್ತಾರೆ ನೋಡಿ. ಮೋಟು ಪೊರಕೆ ಹಿಡಿದು ಅಂಗಳ ಗುಡಿಸುವುದು, ಬಗ್ಗಿ ನೀರು ಚಿಮುಕಿಸುವುದು, ಮಂಡಿ ಬಗ್ಗಿಸದೆ ಸೊಂಟದಿಂದಲೇ ಬಾಗಿ ರಂಗೋಲಿ ಎಳೆಯುವುದು. ದಿನದ ಅತಿ ಹೆಚ್ಚು ಬಗ್ಗುವ ಕೆಲಸಗಳೆಲ್ಲ ಡಿಸ್ಕಿಗೆ ಅತಿ ಕೆಟ್ಟ ಹೊತ್ತಿನಲ್ಲೇ ಬಂದು ಕೂತಿವೆ. ಉದ್ದ ಹಿಡಿಯ ಪೊರಕೆ ತನ್ನಿ. ರಂಗೋಲಿಯನ್ನು ಒಂದು ಮಂಡಿ ಊರಿ ಅಥವಾ ಮೋಟು ಸ್ಟೂಲಿನ ಮೇಲೆ ಕೂತು ಹಾಕಿ. ಸಾಧ್ಯವಿದ್ದರೆ ಒಲೆ ಮುಂದೆ ನಿಂತು ಮಾಡುವ ಕೆಲಸ ಮೊದಲು, ಅಂಗಳ ಆಮೇಲೆ. ಮನೆಯಲ್ಲಿ ಗಂಡಸರೂ ಇದ್ದಾರೆ ಎಂಬುದನ್ನು ಇಲ್ಲಿ ನೆನಪಿಸಬಹುದು.

ಎದ್ದ ಕೂಡಲೇ ಯೋಗ ಮಾಡುವವರಿಗೂ ಇದೇ ಮಾತು. ಪಾದಹಸ್ತಾಸನ, ಪಶ್ಚಿಮೋತ್ತಾನಾಸನದಂಥ ಮುಂದಕ್ಕೆ ಬಾಗುವ ಆಸನಗಳನ್ನು ಒಂದು ತಾಸು ಮುಂದೂಡಿ. ಕಾಲಿಗೆ ಸೆಳೆತ ಇದ್ದರೆ ಸದ್ಯಕ್ಕೆ ಕೈಬಿಡಿ. ನೋವು ಜೋರಿರುವಾಗ ಕುಕ್ಕರಗಾಲಿನ ಶೌಚಾಲಯದ ಬದಲು ಕಮೋಡ್ ಅಥವಾ ಕಮೋಡ್ ಕುರ್ಚಿ ಬಳಸಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ಮುಕ್ಕಿದಾಗ ಡಿಸ್ಕಿನ ಒತ್ತಡ ಏರುತ್ತದೆ.

ನೀರಿನ ಕ್ಯಾನು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಮನೆಮನೆಯ ಭಾರ ಎಂದರೆ ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನು. ವಿಲ್ಕೆಯವರ ಅಳತೆಯಲ್ಲಿ ಎತ್ತಿಸಿದ ತೂಕವೂ 20 ಕಿಲೋ. ಬೆನ್ನು ಗುಂಡಗೆ ಮಾಡಿ ಎತ್ತಿದಾಗ 2.3 ಮೆಗಾಪಾಸ್ಕಲ್, ಮಂಡಿ ಬಗ್ಗಿಸಿ ಎತ್ತಿದಾಗ 1.7, ಎದೆಗೆ ಅವಚಿಕೊಂಡು ನಿಂತಾಗ 1.1. ಅದೇ ಭಾರವನ್ನು ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದರೆ 1.8.

ಹಾಗಾಗಿ ಮಂಡಿಗಿಂತ ಮುಖ್ಯ ಭಾರ ಮೈಗೆ ಹತ್ತಿರ ಇರುವುದು. ಕ್ಯಾನಿನ ಎರಡೂ ಪಕ್ಕಕ್ಕೆ ಪಾದ ಬರುವಂತೆ ನಿಂತು, ಕುಂಡಿಯನ್ನು ಹಿಂದಕ್ಕೆ ತಳ್ಳಿ ಬಗ್ಗಿ, ಕ್ಯಾನು ಹೊಟ್ಟೆಗೆ ತಾಗಿದ ಮೇಲೆಯೇ ಏಳಿ. ಮೊಪೆಡ್ಡಿನ ಮುಂದೆ ಇಡುವಾಗ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ. ಮನೆಯಲ್ಲಿ ಕ್ಯಾನನ್ನು ನೆಲಕ್ಕಿಡದೆ ಕಟ್ಟೆ ಮೇಲಿಡಿ. ಹತ್ತು ಲೀಟರಿನ ಎರಡು ಕ್ಯಾನು ಎರಡು ಕೈಗೆ ಆದರೆ ಇನ್ನೂ ಒಳ್ಳೆಯದು. ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋ ಹತ್ತಿರ ತೂಗುತ್ತದೆ, ಅದನ್ನು ಎತ್ತಬೇಡಿ, ಅಂಚಿನ ಮೇಲೆ ಉರುಳಿಸಿ.

ಸೊಂಟಕ್ಕೆ ಬಲ

ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯ ಮಾಡಿದ ಮೂರು ವ್ಯಾಯಾಮ ಸಾಕು. ಒಂದು, ಕೈ-ಮಂಡಿ ಊರಿ, ಬಲಗೈ ಮುಂದಕ್ಕೆ ಎಡಗಾಲು ಹಿಂದಕ್ಕೆ ಚಾಚಿ ಹತ್ತು ಸೆಕೆಂಡ್ ಹಿಡಿದು, ಕಡೆ ಬದಲಿಸುವುದು. ಎರಡು, ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಮಂಡಿಯ ಮೇಲೆ ಸೊಂಟ ಎತ್ತಿ ಹಿಡಿಯುವುದು. ಮೂರು, ಅಂಗಾತ ಮಲಗಿ, ಒಂದು ಮಂಡಿ ಮಡಿಸಿ, ಕೈಗಳನ್ನು ಸೊಂಟದಡಿ ಇಟ್ಟು, ತಲೆ-ಭುಜವನ್ನು ನೆಲದಿಂದ ಒಂದಿಷ್ಟೇ ಎತ್ತುವುದು. ಒಂದೊಂದನ್ನೂ ಆರು ಸಲ, ಆಮೇಲೆ ನಾಲ್ಕು, ಆಮೇಲೆ ಎರಡು. ಇದರ ಮೇಲೆ ದಿನಾ ನಡಿಗೆ. ಬೀಡಿ-ಸಿಗರೇಟು ಬಿಡಿ, ಡಿಸ್ಕ್ ಬೇಗ ಸವೆಯುವುದಕ್ಕೂ ಹೊಗೆಗೂ ನಂಟಿದೆ.

ನೋವು ಬಂದೇಬಿಟ್ಟರೆ

ಒಂದೆರಡು ದಿನಕ್ಕಿಂತ ಹೆಚ್ಚು ಮಂಚ ಹಿಡಿಯಬೇಡಿ. ಬೋರಲು ಮಲಗಿ ಎರಡು ಮೂರು ನಿಮಿಷ ಇರಿ. ಸಹಿಸುವಂತಿದ್ದರೆ ಮೊಣಕೈ ಮೇಲೆ ಏಳಿ, ಆಮೇಲೆ ಸೊಂಟ ನೆಲದಲ್ಲೇ ಬಿಟ್ಟು ಅಂಗೈ ಊರಿ ಎದೆ ಎತ್ತಿ, ಹತ್ತು ಸಲ. ಇದನ್ನು ರೂಢಿಗೆ ತಂದವರು ನ್ಯೂಜಿಲೆಂಡಿನ ಫಿಸಿಯೋ ರಾಬಿನ್ ಮೆಕೆಂಜಿ. 1956ರಲ್ಲಿ ಅವರ ರೋಗಿಯೊಬ್ಬರು ತಲೆಭಾಗ ಎತ್ತರಿಸಿದ್ದ ಮಂಚದ ಮೇಲೆ ತಿಳಿಯದೆ ಬೋರಲು ಮಲಗಿ, ಕಾಲುನೋವು ಹೋಗಿ ಎದ್ದದ್ದರಿಂದ ಸಿಕ್ಕ ಸುಳಿವು ಇದು.

ಒಂದು ನಿಯಮ ನೆನಪಿಡಿ. ವ್ಯಾಯಾಮ ಮಾಡುವಾಗ ನೋವು ಪಾದ-ಮೀನಖಂಡದಿಂದ ಮೇಲಕ್ಕೆ ಸೊಂಟದ ಕಡೆ ಸರಿದರೆ, ಸೊಂಟದಲ್ಲಿ ತುಸು ಹೆಚ್ಚಾದರೂ ಅದು ಒಳ್ಳೆಯ ಲಕ್ಷಣ. ಕಾಲಿನ ಕೆಳಕ್ಕೆ ಇಳಿದರೆ ಕೂಡಲೇ ನಿಲ್ಲಿಸಿ. ನಡೆದರೆ ಕಾಲು ಸೋತು, ಕೂತರೆ ಅಥವಾ ಬಗ್ಗಿದರೆ ಹಾಯೆನಿಸುವ ಹಿರಿಯರಿಗೆ ಈ ವ್ಯಾಯಾಮ ಸಲ್ಲದು. ಅವರದು ನರದ ದಾರಿ ಕಿರಿದಾದ ತೊಂದರೆ ಇರಬಹುದು.

ಉಳುಕು ತೆಗೆಸಲು ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಮೆಲ್ಲಗೆ ತಾಗಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಒದೆಸಿಕೊಳ್ಳುವುದು, ತುಳಿಸಿಕೊಳ್ಳುವುದು, ಜರ್ಕ್ ಕೊಟ್ಟು ತಿರುಚಿಸಿಕೊಳ್ಳುವುದು ಮಾತ್ರ ಬೇಡ. ಸೊಂಟದ ಬೆಲ್ಟನ್ನು ಪ್ರಯಾಣಕ್ಕೆ, ಅದೂ ಕೆಲವು ವಾರ ಮಾತ್ರ ಕಟ್ಟಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದಾಗ

ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಮೂತ್ರ ಬಾರದೆ ನಿಂತರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದೇ ಹೊತ್ತಿಗೆ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಹಿಮ್ಮಡಿ ಮೇಲೆ ನಡೆಯುವಾಗ ಪಾದ ಜೋತುಬಿದ್ದರೆ, ತುದಿಗಾಲಲ್ಲಿ ಒಂದು ಕಡೆ ಮಾತ್ರ ಬಲ ಇಲ್ಲದಿದ್ದರೆ ಆ ದಿನವೇ ತೋರಿಸಿ. ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಕ್ಷಯ ಅಥವಾ ಬೇರೆ ಕಾಯಿಲೆ ಇದೆಯೇ ಎಂದು ನೋಡಬೇಕು. ಕುರಿ-ದನ ಸಾಕುವವರು, ಹಸಿ ಹಾಲು ಕುಡಿಯುವವರು ಆ ವಿಷಯವನ್ನು ವೈದ್ಯರಿಗೆ ಹೇಳಿ. ಸಾಕುಪ್ರಾಣಿಗಳಿಂದ ಹರಡುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ಸೊಂಟದ ಮೂಳೆಗೂ ಬರುತ್ತದೆ. ಫ್ಲೋರೈಡ್ ನೀರಿನ ಊರುಗಳಲ್ಲಿ ಹಲ್ಲು ಕಂದುಗಟ್ಟಿ, ಕತ್ತು-ಬೆನ್ನು ಮರದ ಹಾಗೆ ಬಿಗಿದಿದ್ದರೆ ಅದನ್ನು ಡಿಸ್ಕ್ ಎಂದುಕೊಂಡು ವರ್ಷ ಕಳೆಯಬೇಡಿ.

ಇವು ಯಾವುವೂ ಇಲ್ಲದಿದ್ದರೆ ಮೊದಲ ವಾರವೇ ಎಂ.ಆರ್.ಐ.ಗೆ ಓಡಬೇಕಿಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆಯ ಪ್ರಕಾರ ನೋವೇ ಇಲ್ಲದ 20 ವರ್ಷದವರಲ್ಲೂ ಶೇ. 30ರಷ್ಟು, 80 ವರ್ಷದವರಲ್ಲಿ ಶೇ. 84ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಚಿತ್ರದಲ್ಲಿ ಕಾಣುತ್ತದೆ. ವರದಿಯಲ್ಲಿ "ಬಲ್ಜ್" ಎಂದಿದ್ದ ಮಾತ್ರಕ್ಕೆ ನೋವು ಅಲ್ಲಿಂದಲೇ ಎನ್ನಲಾಗದು. ಕಾಲಿಗೆ ಸೆಳೆತ ಇರುವವರಲ್ಲೂ ಹೆಚ್ಚಿನವರು ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ, ಹೊರಬಂದ ತಿರುಳನ್ನು ಎಷ್ಟೋ ಸಲ ಮೈ ತಾನೇ ಕರಗಿಸಿಕೊಳ್ಳುತ್ತದೆ. ಆಪರೇಷನ್ ಮಾತು ಬರುವುದು ಕಾಲಿನ ಬಲ ಕುಂದುತ್ತಿದ್ದರೆ, ಇಲ್ಲವೇ ವಾರಗಟ್ಟಲೆ ಚಿಕಿತ್ಸೆಗೂ ಸೆಳೆತ ಬಗ್ಗದಿದ್ದರೆ.

ಅಂಗಡಿಗೋ ಆಫೀಸಿಗೋ ಮರಳುವಾಗ ಮೊದಲ ವಾರ ಒಂದು ಸಲಕ್ಕೆ ಹದಿನೈದು ನಿಮಿಷ ಮಾತ್ರ ಕೂತು ಏಳಿ, ಮರುದಿನ ಬೆಳಿಗ್ಗೆ ಕಾಲಿನ ಸೆಳೆತ ಹೆಚ್ಚಿಲ್ಲದಿದ್ದರೆ ಐದು ನಿಮಿಷ ಸೇರಿಸಿ. ಹೆಚ್ಚಾಗಿದ್ದರೆ ಹಿಂದಿನ ದಿನದ ಲೆಕ್ಕಕ್ಕೇ ವಾಪಸು ಹೋಗಿ.